ಶರೀಫರ ಗದ್ದುಗೆ, ಶರೀಫರ ಹಾದಿ

(ಶಿಗ್ಗಾವಿಯಲ್ಲಿ ಕೂಡಿದ್ದ ಶಿಕ್ಷಕರ ಮತ್ತು ನಾಗರಿಕರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಬೇರೆ ಬೇರೆ ದೇಶಗಳಲ್ಲಿ ದೇವರ ಮೇಲಣ ವಿಶ್ವಾಸವು ಹೇಗಿರುವದು, ರಾಜ್ಯಕ್ಕೂ ಮತಕ್ಕೂ ಇರತಕ್ಕ ಸಂಬಂಧವೇನು, ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ವಿಷಯವು ಪ್ರಪಂಚದಷ್ಟು ಅಗಲವಾದದ್ದು. ಆದರೆ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳ ಎಲ್ಲೆಯೊಳಗೇ ಅದನ್ನು ಅಳೆದು ನೋಡುವಷ್ಟು ಸಾಮಗ್ರಿಯು ನಮ್ಮ ಹಿರಿಯರಿಂದ ನಮಗೆ ಬಂದಿರುವದು. ಆದ್ದರಿಂದ ಮೊದಲು ಹೊರನಾಡುಗಳನ್ನು ಒಂದು ಸುತ್ತು ಸುತ್ತಿ ಬಂದು, ಬಳಿಕ ನಮ್ಮ ಮನೆಯಂಗಳದಲ್ಲಿ ಕುಳಿತು ಮಾತನಾಡೋಣ.

ವಿದ್ಯೆಯು ಹೆಚ್ಚಿ, ಯಂತ್ರಗಳು ಹೆಚ್ಚಿ, ಜನರ ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ದೇವರು ತಾನಾಗಿಯೇ ಮರೆಯಾಗುವನೆಂದು ಪಾಶ್ಚಾತ್ಯ ಪಂಡಿತರಲ್ಲಿ ಅನೇಕರು ಬಹುಕಾಲ ನಂಬಿದ್ದರು. ಅಮೇರಿಕೆಯ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ ಎಂಬವರು ೧೯೬೮ರಲ್ಲಿ, ಇಪ್ಪತ್ತೊಂದನೆಯ ಶತಮಾನದ ಹೊತ್ತಿಗೆ ಆಸ್ತಿಕರು ಸಣ್ಣ ಸಣ್ಣ ಗುಂಪುಗಳಾಗಿ ಅಲ್ಲೊಂದು ಇಲ್ಲೊಂದು ಉಳಿದಾರೆಂದು ಭವಿಷ್ಯ ನುಡಿದರು. ೧೯೯೯ರಲ್ಲಿ ಅವರೇ ಆ ಸಿದ್ಧಾಂತವನ್ನು ಕೈಬಿಟ್ಟು, ಜಗತ್ತು ಹಿಂದಿನಷ್ಟೇ ಮತನಿಷ್ಠವಾಗಿರುವದೆಂದೂ ಕೆಲವೆಡೆ ಹಿಂದಿಗಿಂತ ಹೆಚ್ಚಾಗಿರುವದೆಂದೂ ಬರೆದರು. ಪಂಡಿತನು ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಂಡಲ್ಲಿ ನಾವು ಅದನ್ನು ಕಣ್ಣುಮುಚ್ಚಿ ಹಿಡಿದುಕೊಂಡಿರಬೇಕಾದ ಕಾರಣವಿಲ್ಲ.

ದೇಶದೇಶಗಳ ಸ್ಥಿತಿಯನ್ನು ನೋಡಿರಿ. ಇಂಗ್ಲೆಂಡಿನಲ್ಲಿ ಇಂದಿಗೂ ಅರಸನು ಅಲ್ಲಿಯ ಚರ್ಚಿನ ಪರಮಾಧಿಪತಿ. ರಾಜ್ಯವು ಇಷ್ಟು ಬಿಗಿಯಾಗಿ ಮತವನ್ನು ಅಪ್ಪಿಕೊಂಡಿದ್ದರೂ ಇಂಗ್ಲೆಂಡು ಮತ್ತು ವೇಲ್ಸುಗಳ ಖಾನೇಸುಮಾರಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಯಿಸಿದವರು ೨೦೧೧ರಲ್ಲಿ ನೂರಕ್ಕೆ ೫೯ ಇದ್ದವರು ೨೦೨೧ರಲ್ಲಿ ೪೬ಕ್ಕೆ ಇಳಿದರು. ಯಾವ ಮತವೂ ಇಲ್ಲವೆಂದವರು ೨೫ರಿಂದ ೩೭ಕ್ಕೆ ಏರಿದರು. ಅತ್ತ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ರಾಷ್ಟ್ರಕ್ಕೊಂದು ಚರ್ಚನ್ನು ಸ್ಥಾಪಿಸಕೂಡದೆಂದು ೧೭೯೧ರಲ್ಲಿಯೇ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಅಲ್ಲಿಯೂ ಯಾವ ಮತಕ್ಕೂ ಸೇರದವರು ಈಗ ಹತ್ತರಲ್ಲಿ ಸುಮಾರು ಮೂವರಾಗಿದ್ದಾರೆ. ಆದರೂ ದಿನನಿತ್ಯ ಪ್ರಾರ್ಥನೆ ಮಾಡುವವರು ಇಂಗ್ಲೆಂಡಿಗಿಂತ ಅಲ್ಲಿಯೇ ಬಹಳ ಹೆಚ್ಚು. ರಾಜ್ಯವು ಹಿಡಿದಿಟ್ಟಲ್ಲಿ ವಿಶ್ವಾಸವು ಜಾರಿತು. ರಾಜ್ಯವು ಕೈಬಿಟ್ಟಲ್ಲಿ ಅದು ಹೆಚ್ಚಾಗಿ ನಿಂತಿತು.

ಇನ್ನು ಆಲ್ಬೇನಿಯ ಎಂಬ ಚಿಕ್ಕ ದೇಶವು ೧೯೬೭ರಲ್ಲಿ ತನ್ನನ್ನು ನಾಸ್ತಿಕ ರಾಜ್ಯವೆಂದು ಸಾರಿ ಮಸೀದಿ, ಚರ್ಚುಗಳೆಲ್ಲವನ್ನೂ ಮುಚ್ಚಿಸಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಬಲಾತ್ಕಾರವು ನಡೆದು, ೧೯೯೦ರಲ್ಲಿ ನಿಷೇಧವು ಸಡಿಲಾದ ಕೂಡಲೆ ಜನರು ತಿರುಗಿ ಬಹಿರಂಗವಾಗಿ ಪ್ರಾರ್ಥನೆಗೆ ನೆರೆದರು. ತುರ್ಕಸ್ಥಾನವು ೧೯೨೪ರಲ್ಲಿ ಖಲೀಫರ ಪೀಠವನ್ನು ತೆಗೆದುಹಾಕಿತು. ೧೯೨೮ರಲ್ಲಿ ಇಸ್ಲಾಮು ರಾಜ್ಯಮತವೆಂಬ ವಾಕ್ಯವನ್ನು ಸಂವಿಧಾನದಿಂದ ಅಳಿಸಿತು. ಅಲ್ಲಿಯ ಪ್ರಜೆಗಳು ಮುಸಲ್ಮಾನರಾಗಿಯೇ ಉಳಿದರು. ನಮ್ಮ ನೆರೆಯ ನೇಪಾಳವು ಹಿಂದೂ ರಾಜ್ಯವಾಗಿದ್ದದ್ದು ೨೦೦೭ರ ಮಧ್ಯಂತರ ಸಂವಿಧಾನದಿಂದ ಮತನಿರಪೇಕ್ಷವಾಯಿತು. ಪಶುಪತಿನಾಥನ ಭಕ್ತರು ಅದರಿಂದ ಮನೆಯಲ್ಲಿ ಕುಳಿತುಕೊಳ್ಳಲಿಲ್ಲ.

ವಿಶ್ವಾಸವು ಒಂದೆಡೆ ಇಳಿದು ಒಂದೆಡೆ ನಿಲ್ಲುವದಕ್ಕೆ ಕಾರಣವೇನೆಂದು ವಿದ್ವಾಂಸರು ಬಗೆಬಗೆಯಾಗಿ ವಿಚಾರಿಸಿದ್ದಾರೆ. ಪಿಪ್ಪ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ ಎಂಬಿಬ್ಬರು ೨೦೦೪ರಲ್ಲಿ ಹೇಳಿದ್ದೇನೆಂದರೆ, ರೋಗಕ್ಕೆ ಔಷಧ, ಮುಪ್ಪಿಗೆ ಪಿಂಚಣಿ, ಹೊಟ್ಟೆಗೆ ಅನ್ನ ಇವುಗಳ ಚಿಂತೆಯು ತಪ್ಪಿದ ನಾಡುಗಳಲ್ಲಿ ಮತಾಚರಣೆಯು ಕಡಿಮೆಯಾಗುವದು. ನಾಳೆ ಏನೋ ಎಂಬ ಭಯವಿರುವಲ್ಲಿ ಅದು ಬಲವಾಗಿರುವದು. ಮಳೆಯನ್ನು ನಂಬಿ ಬಿತ್ತುವ ನಮ್ಮ ಸೀಮೆಯ ಒಕ್ಕಲಿಗನಿಗೆ ಈ ಮಾತು ಹೊಸದಾಗಿ ತೋರದು. ಆದರೆ ಭಕ್ತಿಯೆಲ್ಲವೂ ಭಯದಿಂದಲೇ ಹುಟ್ಟುವದೆಂದು ನಾನು ಒಪ್ಪಲಾರೆ. ಅದು ಹೇಗಾದರೂ ಇರಲಿ. ಈ ದೇಶಾಟನದಿಂದ ನಾವು ತರಬೇಕಾದ ಪಾಠವು ಒಂದೇ. ಜನರು ಎಷ್ಟು ದೈವಭಕ್ತರು ಎಂಬುದು ಒಂದು ಪ್ರಶ್ನೆ. ಭಕ್ತನನ್ನೂ ಭಕ್ತನಲ್ಲದವನನ್ನೂ ಬೇರೆ ಮತದವನನ್ನೂ ರಾಜ್ಯವು ಹೇಗೆ ಕಾಣುವದು ಎಂಬುದು ಇನ್ನೊಂದು. ಮೊದಲನೆಯದನ್ನು ಅವರವರ ಅಂತರಂಗಕ್ಕೆ ಬಿಟ್ಟುಕೊಡೋಣ. ಎರಡನೆಯದು ನಮ್ಮೆಲ್ಲರ ಹೊಣೆ.

ಈ ಎರಡನೆಯ ಪ್ರಶ್ನೆಯು ಹುಟ್ಟಿದ್ದು ಹೇಗೆ? ಇಂಗ್ಲಿಷಿನ ‘ಸೆಕ್ಯುಲರಿಸಂ’ ಎಂಬ ಶಬ್ದವನ್ನು ೧೮೫೧ರಲ್ಲಿ ಬಳಕೆಗೆ ತಂದವರು ಜಾರ್ಜ್ ಹೋಲಿಯೋಕ್. ದೇವನಿಂದೆಯ ಆರೋಪಕ್ಕಾಗಿ ೧೮೪೨ರಲ್ಲಿ ಆರು ತಿಂಗಳ ಸೆರೆವಾಸವನ್ನು ಉಂಡುಬಂದ ಉಪನ್ಯಾಸಕರು ಇವರು. ಇವರ ತರುವಾಯ ಚಾರ್ಲ್ಸ್ ಬ್ರ್ಯಾಡ್ಲಾ ಎಂಬವರು ೧೮೮೦ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದರು. ನಾಸ್ತಿಕರೆಂಬ ಕಾರಣದಿಂದ ಅವರನ್ನು ಆಸನದಲ್ಲಿ ಕೂಡ್ರಗೊಡಲಿಲ್ಲ. ಮತದಾರರು ಮತ್ತೆ ಮತ್ತೆ ಅವರನ್ನೇ ಆರಿಸಿ ಕಳಿಸಿದರು. ೧೮೮೬ರಲ್ಲಿ ಅವರು ಒಳಹೊಕ್ಕು, ೧೮೮೮ರಲ್ಲಿ ದೇವರ ಹೆಸರನ್ನೆತ್ತದೆಯೂ ಪ್ರಮಾಣ ಮಾಡಬಹುದೆಂಬ ಕಾಯಿದೆಯನ್ನು ಮಾಡಿಸಿದರು. ಇದೇ ಬ್ರ್ಯಾಡ್ಲಾ ಅವರು ೧೮೮೯ರಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಹಿಂದುಸ್ಥಾನದ ಪರವಾಗಿ ಮಾತನಾಡಿದವರು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯನ್ನು ತೆರೆದು ನೋಡಿರಿ. ಮಂತ್ರಿಯಾಗುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ಪ್ರತಿಜ್ಞೆ ಮಾಡಬಹುದು. ಆ ಎರಡನೆಯ ಬಾಗಿಲನ್ನು ತೆರೆಯಿಸಲಿಕ್ಕೆ ಬ್ರ್ಯಾಡ್ಲಾ ಅವರಂಥ ಒಬ್ಬೊಬ್ಬ ಮನುಷ್ಯನು ಇಡಿಯ ಸಭೆಯನ್ನು ಎದುರಿಸಿ ನಿಲ್ಲಬೇಕಾಯಿತು.

ಈಗ ನಮ್ಮ ನಾಡಿಗೆ ಬರೋಣ. ನಮ್ಮಲ್ಲಿ ವಿಶ್ವಾಸವು ಇಳಿದಿಲ್ಲ. ೨೦೧೧ರ ಖಾನೇಸುಮಾರಿಯಲ್ಲಿ ಮತದ ಹೆಸರನ್ನು ಹೇಳದವರು ಸುಮಾರು ೨೮ ಲಕ್ಷ, ಅಂದರೆ ಸಾವಿರಕ್ಕೆ ಎರಡೂವರೆಗಿಂತ ಕಡಿಮೆ. ೨೦೧೯-೨೦ರಲ್ಲಿ ಅಮೇರಿಕೆಯ ಪ್ಯೂ ಸಂಶೋಧನ ಕೇಂದ್ರದವರು ನಮ್ಮ ದೇಶದ ಸುಮಾರು ೩೦,೦೦೦ ಪ್ರಾಪ್ತವಯಸ್ಕರನ್ನು ಮಾತನಾಡಿಸಿ, ೨೦೨೧ರಲ್ಲಿ ವರದಿಯನ್ನು ಪ್ರಕಟಿಸಿದರು. ದೇವರುಂಟೆಂದವರು ನೂರಕ್ಕೆ ೯೭. ಸರ್ವಮತಗಳನ್ನು ಗೌರವಿಸುವದು ನಿಜವಾದ ಭಾರತೀಯನ ಬಹುಮುಖ್ಯ ಲಕ್ಷಣವೆಂದವರು ನೂರಕ್ಕೆ ೮೪. ಕೇಳಿ ಎದೆಯು ಉಬ್ಬುವಂಥ ಮಾತೇ ಸರಿ. ಆದರೆ ಅದೇ ವರದಿಯ ಮುಂದಿನ ಪುಟಗಳನ್ನೂ ಓದಬೇಕು. ತಮ್ಮ ಮತದ ಹೆಣ್ಣುಮಕ್ಕಳು ಬೇರೆ ಮತದವರನ್ನು ಲಗ್ನವಾಗದಂತೆ ತಡೆಯುವದು ಬಹಳ ಅವಶ್ಯವೆಂದು ಹಿಂದುಗಳಲ್ಲಿ ನೂರಕ್ಕೆ ೬೭ ಮಂದಿಯೂ ಮುಸಲ್ಮಾನರಲ್ಲಿ ನೂರಕ್ಕೆ ೮೦ ಮಂದಿಯೂ ಹೇಳಿದರು. ಅಂದರೆ, ನೆರೆಯವನ ಮತಕ್ಕೆ ಕೈಮುಗಿಯುತ್ತೇವೆ. ನಡುವಣ ಗೋಡೆಯನ್ನು ಮಾತ್ರ ಯಾರೂ ದಾಟಕೂಡದು.

ಇಂದು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಯೇ ಇದೆ. ಸಮಾಜ ಸಮಾಜಗಳ ಸೌಹಾರ್ದವೆಂಬುದು ಬೇರೆ, ಒಬ್ಬೊಬ್ಬ ವ್ಯಕ್ತಿಯ ಸ್ವಾತಂತ್ರ್ಯವೆಂಬುದು ಬೇರೆ. ಮೊದಲನೆಯದರಲ್ಲಿ ನಾವು ಶ್ರೀಮಂತರು; ಎರಡನೆಯದರಲ್ಲಿ ಬಡವರು. ಮೊದಲನೆಯದನ್ನು ತೋರಿಸಿ ಎರಡನೆಯದರ ಸಾಲವು ತೀರಿತೆಂದು ನಾವು ಭಾವಿಸಿದ್ದೇವೆ.

ನಮ್ಮ ಸೀಮೆಯ ಶ್ರೀಮಂತಿಕೆಯನ್ನು ಕುರಿತು ಹೇಳಹೊರಟರೆ ಹೊತ್ತು ಸಾಲದು. ಇದೇ ಶಿಗ್ಗಾವಿ ತಾಲೂಕಿನ ಬಂಕಾಪುರದಲ್ಲಿ ಗಂಗರ ಅರಸನಾದ ಮಾರಸಿಂಹನು ರಾಜ್ಯವನ್ನು ತೊರೆದು, ಜೈನ ಗುರುಗಳಾದ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅದು ಸುಮಾರು ಕ್ರಿ.ಶ. ೯೭೪ರ ಮಾತು. ಅದೇ ಬಂಕಾಪುರದ ಕೋಟೆಯಲ್ಲಿ ಅರುವತ್ತು ಕಂಬದ ನಗರೇಶ್ವರನಿದ್ದಾನೆ. ಬಾಡದಲ್ಲಿ ಹುಟ್ಟಿದ ಕನಕದಾಸರು ಕುಲದ ಮಾತೆತ್ತಿದವರ ಬಾಯಿಕಟ್ಟಿದರು. ನವಾಬರ ಊರಾದ ಸವಣೂರಿನಲ್ಲಿಯೇ ಉತ್ತರಾದಿ ಮಠದ ಸತ್ಯಬೋಧತೀರ್ಥರು ೧೭೮೩ರಲ್ಲಿ ಬೃಂದಾವನಸ್ಥರಾದರು. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೂ ನವಾಬರ ಅರಮನೆಯ ಊರಿನಲ್ಲಿ ಮಾಧ್ವರ ಆರಾಧನೆಯು ಸಾಗಿಬಂದಿದೆ.

ಆದರೆ ಎಲ್ಲವೂ ಹಾಲು ಸಕ್ಕರೆಯಾಗಿತ್ತೆಂದು ಹೇಳಿದರೆ ನಮ್ಮ ಶಿಲಾಶಾಸನಗಳೇ ನಗುವವು. ಹಿರೇಕೆರೂರ ತಾಲೂಕಿನ ಅಬ್ಬಲೂರಿಗೆ ಹೋಗಿ ಸೋಮೇಶ್ವರ ದೇವಾಲಯದ ಶಾಸನವನ್ನು ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಏಕಾಂತದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ಯಾರ ದೇವರು ದೊಡ್ಡವನೆಂದು ವಾದವಾಯಿತು. ಪಣವನ್ನು ಓಲೆಯ ಮೇಲೆ ಬರೆಯಿಸಿಕೊಂಡು ರಾಮಯ್ಯನು ತನ್ನ ತಲೆಯನ್ನರಿದು ಶಿವನಿಗೊಪ್ಪಿಸಿ ತಿರುಗಿ ಪಡೆದನೆಂದೂ, ಆಮೇಲೆ ಜಿನಬಿಂಬವನ್ನು ಒಡೆದನೆಂದೂ, ಜೈನರು ಬಿಜ್ಜಳನಲ್ಲಿ ಫಿರ್ಯಾದು ಮಾಡಲಾಗಿ ಅರಸನು ರಾಮಯ್ಯನಿಗೇ ಜಯಪತ್ರವನ್ನು ಕೊಟ್ಟನೆಂದೂ ಶಾಸನವು ಹೇಳುವದು. ಮುಂದೆ ಹಾನಗಲ್ಲ ಕದಂಬರ ಕಾಮದೇವನೂ ಆ ದೇವಾಲಯಕ್ಕೆ ದತ್ತಿಯನ್ನು ಬಿಟ್ಟನು. ಪವಾಡವನ್ನು ನಂಬುವದೂ ಬಿಡುವದೂ ನಿಮ್ಮ ಚಿತ್ತ. ವಕೀಲನಾದ ನನಗೆ ಅಲ್ಲಿ ಕಾಣುವದು ಒಂದು ಮೊಕದ್ದಮೆ. ಬರಹದ ಕರಾರು ಇದೆ, ಫಿರ್ಯಾದು ಇದೆ, ತೀರ್ಪು ಇದೆ; ತೀರ್ಪನ್ನು ಕಲ್ಲಿನಲ್ಲಿ ಕೊರೆಯಿಸಿದವರು ಗೆದ್ದ ಪಕ್ಷದವರು. ಅಲ್ಲಿ ಅರಸನು ತೀರ್ಮಾನಿಸಿದ್ದು ಯಾರ ದೇವರು ಗೆದ್ದನೆಂಬುದನ್ನು. ಅಂಥ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರವೇ ಅರಸನಿಗಿಲ್ಲವೆಂಬ ತಿಳಿವಳಿಕೆಗೆ ನಾವು ಬಂದದ್ದು ಎಷ್ಟೋ ಶತಮಾನಗಳ ಮೇಲೆ.

ಆ ತಿಳಿವಳಿಕೆಯನ್ನು ಕಾನೂನಿನ ಭಾಷೆಯಲ್ಲಿ ಗಟ್ಟಿಗೊಳಿಸಿದ ತೀರ್ಪಿಗೆ ನಮ್ಮ ಸೀಮೆಯ ಮಗನೊಬ್ಬನ ಹೆಸರಿದೆಯೆಂಬುದನ್ನು ನೀವು ಮಕ್ಕಳಿಗೆ ಹೇಳಬೇಕು. ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿ ಅವರ ಮಂತ್ರಿಮಂಡಲವನ್ನು ೧೯೮೯ರ ಏಪ್ರಿಲಿನಲ್ಲಿ ವಜಾ ಮಾಡಲಾಯಿತು. ಆ ಮೊಕದ್ದಮೆಯಲ್ಲಿ ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪು ಕೊಟ್ಟಿತು. ಮತನಿರಪೇಕ್ಷತೆಯು ಸಂವಿಧಾನದ ಮೂಲರಚನೆಯ ಅಂಗವೆಂದು ಅದರಲ್ಲಿ ಸ್ಪಷ್ಟವಾಯಿತು. ೧೯೭೬ರ ತಿದ್ದುಪಡಿಯಿಂದ ಆ ಶಬ್ದವು ಪೀಠಿಕೆಯಲ್ಲಿ ಸೇರಿತೆಂಬುದು ನಿಜ. ಆದರೆ ಅದರ ತಿರುಳು ೧೯೫೦ರಿಂದಲೇ ೨೫ರಿಂದ ೨೮ರ ವರೆಗಿನ ಅನುಚ್ಛೇದಗಳಲ್ಲಿತ್ತು. ೨೫ನೆಯ ಅನುಚ್ಛೇದವನ್ನು ಲಕ್ಷ್ಯಗೊಟ್ಟು ಓದಿರಿ. ಅಂತಃಕರಣದ ಸ್ವಾತಂತ್ರ್ಯವನ್ನು ಅದು ಕೊಡುವದು ಎಲ್ಲ ವ್ಯಕ್ತಿಗಳಿಗೆ. ಮಠಕ್ಕೆ, ಜಮಾತಿಗೆ, ಪಂಚರಿಗೆ ಬೇರೆ ಹಕ್ಕುಗಳುಂಟು. ಆದರೆ ಮೊದಲು ಹೆಸರಿಸಿದ್ದು ಒಂಟಿ ಮನುಷ್ಯನನ್ನು.

ಈ ಒಂಟಿ ಮನುಷ್ಯನು ಯಾರೆಂದು ಕೇಳಿದರೆ ನಾನು ಶಿಶುನಾಳದ ಕಡೆಗೆ ಬೆರಳು ತೋರಿಸುವೆನು. ೧೮೧೯ರಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಶರೀಫರು ಕೆಲಕಾಲ ನಿಮ್ಮಂತೆ ಶಾಲೆಯ ಮಾಸ್ತರರಾಗಿದ್ದರು. ಅವರು ಗುರುವಾಗಿ ಆರಿಸಿಕೊಂಡದ್ದು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು. ಗುರುವು ಶಿಷ್ಯನಿಗೆ ಜನಿವಾರವನ್ನು ಹಾಕಿದರೆಂದೂ, ಅದರಿಂದ ಇಬ್ಬರೂ ತಂತಮ್ಮವರ ಸಿಟ್ಟಿಗೆ ಗುರಿಯಾದರೆಂದೂ ನಮ್ಮ ಜನರು ಹೇಳುತ್ತ ಬಂದಿದ್ದಾರೆ. ೧೮೮೯ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಕಡೆಯವರು ಬಂದು ತಮ್ಮ ತಮ್ಮ ವಿಧಿಗಳನ್ನು ನಡೆಯಿಸಿದರು. ಇಂದು ಅವರ ಗದ್ದುಗೆಯ ಮುಂದೆ ತೆಂಗಿನಕಾಯಿಯೂ ಸಕ್ಕರೆಯೂ ಒಟ್ಟಿಗೆ ಇರುವವು.

ಇದನ್ನು ಹಿಂದೂ ಮುಸಲ್ಮಾನರ ಐಕ್ಯದ ದೃಷ್ಟಾಂತವೆಂದು ಎಲ್ಲರೂ ಹೇಳುವರು. ನಾನೂ ಒಪ್ಪುವೆನು. ಆದರೆ ಕ್ರಮವನ್ನು ಗಮನಿಸಿರಿ. ಎರಡು ಸಮಾಜಗಳು ಕೂಡಿ ನಿರ್ಣಯ ಮಾಡಿ ಶರೀಫರನ್ನು ಗೋವಿಂದಭಟ್ಟರ ಮನೆಗೆ ಕಳಿಸಲಿಲ್ಲ. ಒಬ್ಬ ತರುಣನು ತನ್ನ ಮನಸ್ಸಿಗೆ ಬಂದ ಗುರುವನ್ನು ತಾನೇ ಹುಡುಕಿಕೊಂಡು ಹೋದನು. ಒಬ್ಬ ವೃದ್ಧನು ಯಾರ ಅಪ್ಪಣೆಯನ್ನೂ ಕೇಳದೆ ಬಾಗಿಲು ತೆರೆದನು. ಬದುಕಿದ್ದಾಗ ಇಬ್ಬರನ್ನೂ ದೂರಿದ ಸಮಾಜಗಳು ಸತ್ತ ಬಳಿಕ ಕೈಮುಗಿದವು. ಗದ್ದುಗೆಯನ್ನು ಪೂಜಿಸುವದು ಸುಲಭ. ಆ ಹಾದಿಯಲ್ಲಿ ಇಂದು ನಡೆಯುವವನನ್ನು ಸಹಿಸುವದು ಕಠಿಣ.

ಎಷ್ಟು ಕಠಿಣವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ೨೦೨೪ರ ಜನವರಿಯಲ್ಲಿ ಹಾನಗಲ್ಲ ತಾಲೂಕಿನಲ್ಲಿ ಬೇರೆ ಬೇರೆ ಮತದ ಸ್ತ್ರೀಪುರುಷರಿಬ್ಬರು ಒಂದು ವಸತಿಗೃಹದಲ್ಲಿದ್ದರೆಂಬ ಕಾರಣಕ್ಕೆ ಗುಂಪೊಂದು ಒಳನುಗ್ಗಿ ಅವರನ್ನು ಹೊಡೆಯಿತು. ಆ ಸ್ತ್ರೀಯು ತನ್ನ ಮೇಲೆ ನಡೆದ ಘೋರ ಅತ್ಯಾಚಾರದ ದೂರನ್ನು ಕೊಟ್ಟಳು. ಮೊಕದ್ದಮೆಯ ವಿಷಯವನ್ನು ನಾನು ಇಲ್ಲಿ ವಿಚಾರಿಸಹೋಗುವದಿಲ್ಲ. ಅದು ನ್ಯಾಯಾಸನದ ಕೆಲಸ. ಆದರೆ ಇಂಥ ಸಂಗತಿಗಳಾದಾಗ ಕಟ್ಟೆಯ ಮೇಲೆ ಕುಳಿತ ಸಭ್ಯರ ಬಾಯಲ್ಲಿ ಬರುವ ಒಂದು ಮಾತನ್ನು ಹೇಳದೆ ಇರಲಾರೆ: ‘ಮಾಡಿದ್ದು ತಪ್ಪು, ಆದರೆ ಅವರು ಅಲ್ಲಿಗೆ ಯಾಕೆ ಹೋಗಬೇಕಾಗಿತ್ತು?’ ಸಜ್ಜನರೇ, ಆ ‘ಆದರೆ’ ಎಂಬ ಮೂರಕ್ಷರದಲ್ಲಿಯೇ ಗುಂಪಿಗೆ ಬೇಕಾದ ಅನುಮತಿಯೆಲ್ಲವೂ ಅಡಗಿರುವದು.

ಕಾನೂನು ಈ ವಿಷಯದಲ್ಲಿ ತಡವರಿಸುವದಿಲ್ಲ. ಬೇರೆ ಬೇರೆ ಮತದವರು ತಂತಮ್ಮ ಮತವನ್ನು ಬಿಡದೆಯೇ ಲಗ್ನವಾಗಲಿಕ್ಕೆ ೧೯೫೪ರ ವಿಶೇಷ ವಿವಾಹ ಕಾಯಿದೆಯು ಅವಕಾಶ ಕೊಟ್ಟಿದೆ. ೨೦೧೮ರಲ್ಲಿ ಶಫೀನ್ ಜಹಾನ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಪ್ತವಯಸ್ಕರು ತಮ್ಮ ಶ್ರದ್ಧೆಯನ್ನೂ ಸಂಗಾತಿಯನ್ನೂ ತಾವೇ ಆರಿಸಿಕೊಳ್ಳತಕ್ಕವರೆಂದು ಹೇಳಿತು. ಹಾಗಿದ್ದರೂ ವಿಶೇಷ ವಿವಾಹಕ್ಕೆ ಮೂವತ್ತು ದಿವಸ ಮುಂಚೆ ಕಚೇರಿಯಲ್ಲಿ ನೋಟೀಸು ಹಚ್ಚಬೇಕಾಗುವದು. ಊರೆಲ್ಲ ಅದನ್ನು ಓದುವದು. ಕಾಯಿದೆಯು ಕೊಟ್ಟದ್ದನ್ನು ಊರು ಕಸಿದುಕೊಳ್ಳುವದಕ್ಕೆ ಅಷ್ಟು ದಿನಗಳು ಸಾಕು.

ಕನ್ನಡದಲ್ಲಿ ನಾವು ಈ ತತ್ತ್ವಕ್ಕೆ ಇಟ್ಟ ಹೆಸರುಗಳನ್ನೂ ವಿಚಾರಿಸತಕ್ಕದ್ದಿದೆ. ‘ಸರ್ವಧರ್ಮ ಸಮಭಾವ’ವೆಂದರೆ ಸಮಾಜಗಳ ಸ್ನೇಹವು ಕಣ್ಣಿಗೆ ಬರುವದು. ‘ಧರ್ಮನಿರಪೇಕ್ಷ’ವೆಂದರೆ ರಾಜ್ಯದ ತಟಸ್ಥವೃತ್ತಿಯು ತೋರುವದು. ಆದರೆ ‘ಜಾತ್ಯತೀತ’ವೆಂಬ ನಮ್ಮ ಮಾತು ಹೋಲಿಯೋಕರ ಶಬ್ದಕ್ಕಿಂತ ಹೆಚ್ಚಿನದನ್ನು ಬೇಡುವದು, ಹುಟ್ಟಿನಿಂದ ಬಂದ ಗುರುತು ಮನುಷ್ಯನ ದಾರಿಯನ್ನು ನಿರ್ಣಯಿಸಬಾರದು ಎಂಬುದೇ ಅದರ ಅರ್ಥ. ೨೦೧೦ರ ಜುಲೈಯಲ್ಲಿ ಸವಣೂರಿನಲ್ಲಿ ಮಲ ಹೊರುವ ಕುಟುಂಬಗಳವರು ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುವದನ್ನು ಪ್ರತಿಭಟಿಸಿ ತಮ್ಮ ಮೈಮೇಲೆಯೇ ಮಲವನ್ನು ಸುರಿದುಕೊಂಡರು. ಆ ಕೆಲಸವನ್ನು ನಿಷೇಧಿಸಿ ೧೯೯೩ರಲ್ಲಿಯೇ ಪಾರ್ಲಿಮೆಂಟು ಕಾಯಿದೆ ಮಾಡಿತ್ತು. ೨೦೧೩ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು. ನವಾಬರೂ ಯತಿಗಳೂ ಪರಸ್ಪರ ಗೌರವಿಸಿದ ಊರಿನಲ್ಲಿಯೇ ಹುಟ್ಟು ಈ ಜನರ ಕೆಲಸವನ್ನು ಗೊತ್ತುಪಡಿಸಿಟ್ಟಿತ್ತು. ದೊಡ್ಡವರ ಸ್ನೇಹವು ಸಣ್ಣವರ ಸ್ವಾತಂತ್ರ್ಯವನ್ನು ತಾನಾಗಿ ತರುವದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟಕ್ಕೆ ಒಂದು ಆಕ್ಷೇಪವು ಬರುವದು. ವ್ಯಕ್ತಿಯ ಸ್ವಾತಂತ್ರ್ಯವು ಪಾಶ್ಚಾತ್ಯರ ಸರಕು. ಅದರ ಬೆನ್ನ ಹಿಂದೆಯೇ ಅವರ ನಾಸ್ತಿಕ್ಯವೂ ಬರುವದು. ಮನೆತನಗಳು ಒಡೆಯುವವು ಎಂದು ಹಿರಿಯರು ಹೆದರುವರು. ಭಯವು ಸಹಜವಾದದ್ದು, ಅದನ್ನು ಹಳಿಯಲಾರೆ. ಆದರೆ ಅಮೇರಿಕೆಯ ಉದಾಹರಣೆಯನ್ನು ಮೊದಲೇ ಹೇಳಿದೆನು. ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಲ್ಲಿ ಭಕ್ತಿಯು ಸಾಯಲೇಬೇಕೆಂಬ ನಿಯಮವಿಲ್ಲ. ನಮ್ಮ ಸೀಮೆಯ ಉದಾಹರಣೆಯಂತೂ ಇನ್ನೂ ಬಲವಾದದ್ದು. ಕನಕದಾಸರೂ ಶರೀಫರೂ ನಾಸ್ತಿಕರಾಗಿದ್ದರೇ? ಹುಟ್ಟಿದ ಬೇಲಿಯನ್ನು ಅವರು ದಾಟಿದ್ದು ದೇವರ ಕಡೆಗೆ ಹೋಗಲಿಕ್ಕಾಗಿ. ಬೇಲಿಯನ್ನು ಕಾಯುತ್ತ ನಿಂತವರ ಹೆಸರುಗಳನ್ನು ಇಂದು ಯಾರೂ ಬಲ್ಲವರಿಲ್ಲ. ಒತ್ತಾಯದ ಮತಾಂತರ, ಮೋಸದ ಲಗ್ನ ಇವುಗಳಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೋಸವನ್ನು ಸಾಕ್ಷಿಪುರಾವೆಗಳಿಂದ ಸಿದ್ಧಪಡಿಸುವದು ನ್ಯಾಯಾಲಯದಲ್ಲಿ. ಬೀದಿಯಲ್ಲಿ ಸಿದ್ಧವಾಗುವದು ತೋಳಿನ ಬಲವೊಂದೇ.

ಗುರುಬಂಧುಗಳೇ, ಈ ಕೆಲಸದಲ್ಲಿ ವಕೀಲರಿಗಿಂತ ನಿಮ್ಮ ಪಾಲು ದೊಡ್ಡದು. ನಮ್ಮ ಕಡೆಗೆ ಜನರು ಬರುವದು ಪೆಟ್ಟು ಬಿದ್ದ ಮೇಲೆ. ನಿಮ್ಮ ಕಡೆಗೆ ಬರುವದು ಮನಸ್ಸು ಮೆತ್ತಗಿರುವಾಗ. ಪೂರಾ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದೆಂದು ೨೮ನೆಯ ಅನುಚ್ಛೇದವು ಹೇಳುವದು. ಮತಗಳ ವಿಷಯವಾಗಿ ತಿಳಿವಳಿಕೆಯನ್ನು ಕೊಡಬೇಡಿರೆಂದು ಅದು ಹೇಳಿಲ್ಲ. ಅಬ್ಬಲೂರಿನ ಶಾಸನವನ್ನು ಮಕ್ಕಳಿಗೆ ತೋರಿಸಿ, ಸೋತವರ ಕಡೆಯ ಮಾತು ಏನಿದ್ದೀತೆಂದು ಕೇಳಿರಿ. ಅದೇ ಅಬ್ಬಲೂರು ಸರ್ವಜ್ಞನನ್ನು ತನ್ನ ಮಗನೆಂದು ಹೇಳಿಕೊಳ್ಳುವದು. ಮತದ ಜಯಪತ್ರವಿದ್ದ ಊರು ಯಾವ ಮಠಕ್ಕೂ ಕಟ್ಟುಬೀಳದ ಕವಿಯನ್ನು ಯಾಕೆ ತನ್ನವನೆನ್ನುವದೆಂದು ವಿಚಾರಿಸಲಿಕ್ಕೆ ಹಚ್ಚಿರಿ. ಶರೀಫರ ಪದಗಳನ್ನು ಹಾಡಿಸುವಾಗ ಅವರ ಜೀವನವನ್ನೂ ಹೇಳಿರಿ. ಊರಿನವರು ಅವರಿಗೆ ಕೊಟ್ಟ ಕಷ್ಟವನ್ನು ಮುಚ್ಚಿಡಬೇಡಿರಿ. ಶಾಲೆಯ ದಾಖಲೆಯಲ್ಲಿ ಜಾತಿ ಮತಗಳ ಕಲಮು ಇರುವದು. ಬಡಮಕ್ಕಳ ಸಹಾಯಕ್ಕೆ ಅದು ಬೇಕು. ಆ ಕಲಮು ದಫ್ತರದಲ್ಲಿಯೇ ಇರಲಿ. ಮಕ್ಕಳು ಕುಳಿತುಕೊಳ್ಳುವ ಸಾಲಿಗೂ ನೀರಿನ ತಂಬಿಗೆಗೂ ಬರದಿರಲಿ.

ಕನ್ನಡಿಗರು ಹಲವು ಆಳಿಕೆಗಳಲ್ಲಿ ಹರಿದು ಹಂಚಿಹೋಗಿದ್ದವರು. ಈ ನಾಲ್ಕು ತಾಲೂಕುಗಳಲ್ಲಿಯೇ ಕೆಲವು ಹಳ್ಳಿಗಳು ಇಂಗ್ರೇಜರವು, ಕೆಲವು ನವಾಬರವು ಆಗಿದ್ದವು. ೧೯೫೬ರ ನವಂಬರ ೧ರಂದು ನಾಡು ಒಂದಾಯಿತು. ನೆಲವನ್ನು ಒಂದುಗೂಡಿಸುವದಕ್ಕೆ ಕಾಯಿದೆಯು ಸಾಕಾಯಿತು. ಆ ನೆಲದ ಮೇಲೆ ಒಬ್ಬನು ತನ್ನ ಗುರುವನ್ನೂ ದೇವರನ್ನೂ ಗೆಳೆಯರನ್ನೂ ನಿರ್ಭಯವಾಗಿ ಆರಿಸಿಕೊಳ್ಳುವಂತಾಗುವದು ಮಾತ್ರ ಊರಿನ ನಾಲ್ಕು ಜನ ತಿಳಿದವರು ‘ಆದರೆ’ ಎನ್ನುವದನ್ನು ಬಿಟ್ಟಾಗ. ಇಲ್ಲಿ ನೆರೆದವರೇ ಆ ನಾಲ್ಕು ಜನರೆಂದು ನಂಬಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.